ಆದೆಪ್ಪನ ಅಂಗಡಿಯಲ್ಲಿ ಆಡಬಾರದ ಮಾತು

ಪೋತ್ನಾಳದ ಆದೆಪ್ಪ ಒಕ್ಕಲುತನ ಬಿಟ್ಟು ವ್ಯಾಪಾರಕ್ಕೆ ಇಳಿದದ್ದು ದುಡ್ಡಿನ ಆಸೆಗಲ್ಲ. ವರ್ಷಗಟ್ಟಲೆ ಗದ್ದೆಯ ಕೆಸರಿನಲ್ಲಿ ನಿಂತು ಕಾಲ್ಬೆರಳ ಸಂದೆಲ್ಲ ಕೊಳೆತು, ಕೊನೆಗೆ ರಾಯಚೂರಿನ ಡಾಕ್ಟರು ಇನ್ನು ಕೆಸರು ತುಳಿಯಬೇಡ ಎಂದುಬಿಟ್ಟರು. ಗದ್ದೆಯನ್ನು ತಮ್ಮ ಹುಲಗಪ್ಪನಿಗೆ ಒಪ್ಪಿಸಿ, ರಸ್ತೆಯ ಬದಿಗೆ ಒಂದು ಅಂಗಡಿ ಹಿಡಿದ. ಹಗ್ಗ, ಕುಡುಗೋಲು, ತಾಡಪತ್ರಿ, ಔಷಧ ಹೊಡೆಯುವ ಪಂಪಿನ ಸಾಮಾನು ಇಟ್ಟ. ಸದ್ಯ, ಇನ್ನಾದರೂ ಈ ಮನುಷ್ಯ ನೆರಳಿನಲ್ಲಿ ಕೂರುತ್ತಾನಲ್ಲ ಎಂದು ಹೆಂಡತಿ ಅಮರಮ್ಮ ಸಮಾಧಾನಪಟ್ಟಳು. ಪಾಪ, ಅವಳಿಗೇನು ಗೊತ್ತು!

ಆದೆಪ್ಪ ಗದ್ದೆ ಬಿಟ್ಟಿದ್ದನೇ ಹೊರತು ಕಣ ಬಿಟ್ಟಿರಲಿಲ್ಲ. ಕಣದಲ್ಲಿ ರಾಶಿಯ ಮುಂದೆ ಚಪ್ಪಲಿ ಮೆಟ್ಟುವುದಿಲ್ಲ. ಅಂಗಡಿಗೆ ಬಂದವರೂ ಹೊರಗೇ ಬಿಡಬೇಕು. ಒಮ್ಮೆ ಗಿರಾಕಿಯೊಬ್ಬನ ಚಪ್ಪಲಿಯನ್ನು ನಾಯಿ ಕಚ್ಚಿಕೊಂಡು ಹೋಯಿತು. ಆದೆಪ್ಪ ತನ್ನವನ್ನೇ ಕೊಟ್ಟು ಬರಿಗಾಲಲ್ಲಿ ಮನೆಗೆ ಬಂದ. ಕಣದಲ್ಲಿ ಭತ್ತ ಅಳೆಯುವಾಗ ಒಂದು ಎನ್ನುವ ಬದಲು ಲಾಭ ಎನ್ನುತ್ತಾರೆ. ಇವನು ನಟ್ಟು ಬೋಲ್ಟನ್ನೂ ಹಾಗೇ ಎಣಿಸುತ್ತಿದ್ದ.

ಇದನ್ನೆಲ್ಲ ಅಮರಮ್ಮ ನುಂಗಿಕೊಂಡಳು. ನುಂಗಲಾಗದ್ದು ಒಂದೇ. ರಾಶಿಯ ಮುಂದೆ 'ಇಲ್ಲ' ಎನ್ನಬಾರದು, ಲಕ್ಷ್ಮಿ ಎದ್ದು ಹೋಗುತ್ತಾಳೆ. ಅಂಗಡಿಯಲ್ಲೂ ಆದೆಪ್ಪ ಆ ಮಾತು ಆಡಲಿಲ್ಲ. ಅಂಗಡಿಯಲ್ಲಿರದ ಸಾಮಾನು ಕೇಳಿದವರನ್ನು "ಕುಂದರ್ರಿ, ಬರ್ತದ" ಎಂದು ಬೆಂಚಿನ ಮೇಲೆ ಕೂಡಿಸಿ, ಮೊಪೆಡ್ ಹತ್ತಿ ಸಿರವಾರಕ್ಕೋ ಮಾನ್ವಿಗೋ ಹೋಗುತ್ತಿದ್ದ. ಒಮ್ಮೆ ಎತ್ತಿನ ಕೊರಳ ಗಂಟೆಗಾಗಿ ದೇವದುರ್ಗಕ್ಕೇ ಹೋಗಿಬಂದ. ಅಷ್ಟರಲ್ಲಿ ಗಿರಾಕಿ ಅಮರಮ್ಮನ ಕೈಯ ಊಟ ಮಾಡಿ ಒಂದು ನಿದ್ದೆಯನ್ನೂ ಮುಗಿಸಿದ್ದ.

ಈ ಬೇಸಿಗೆಯಲ್ಲಿ ಆದೆಪ್ಪನಿಗೆ ಎದೆ ಹಿಡಿಯಿತು. ರಾಯಚೂರಿನಲ್ಲಿ ಬದುಕಿಸಿ ಕಳಿಸಿದರು. ಇನ್ನು ಬಿಸಿಲಲ್ಲಿ ಗಾಡಿ ಹೊಡೆದರೆ ನಮ್ಮ ಕೈಯಲ್ಲಿ ಏನೂ ಇಲ್ಲ ಎಂದರು. ಅಮರಮ್ಮ ಗಂಡನ ಕಾಲು ಹಿಡಿದಳು.

"ಒಂದ ಸಲ ಇಲ್ಲ ಅನ್ರಿ. ನಾ ಒಬ್ಬಾಕಿ ಆಗ್ತೀನಿ."

"ಅಂಗಡಿ ಅಂದ್ರ ನನಗ ಕಣ. ಕಣದಾಗ ಆ ಮಾತು ಹ್ಯಾಂಗ ಬರ್ತದ?"

ಅವಳು ಮೊಪೆಡ್ಡಿನ ಕೀಲಿಯನ್ನು ಜೋಳದ ಡಬ್ಬಿಯಲ್ಲಿ ಬಚ್ಚಿಟ್ಟಳು. ಜೋಳದೊಳಗೆ ಇಟ್ಟದ್ದು ರೈತನಿಗೆ ಸಿಗದೆ ಇರುತ್ತದೆಯೇ?

ಹಾಗಿರುವಾಗ ಒಂದು ಮಧ್ಯಾಹ್ನ ಪಂಪು ರಿಪೇರಿಯ ಸತ್ತಾರ್ ಸಾಬ್ ಬಂದು ವಾಷರ್ ಕೇಳಿದ. ಇದ್ದವು ಖರ್ಚಾಗಿದ್ದವು. ಆದೆಪ್ಪ ಕುಂದರ್ರಿ ಎಂದ. ಬೇಡ, ಸಂಜೆಗೆ ನಾನೇ ಮಾನ್ವಿಗೆ ಹೋಗುವವನಿದ್ದೇನೆ ಎಂದು ಸಾಬ್ ಪರಿಪರಿಯಾಗಿ ಹೇಳಿದ. ಕೇಳುವವರು ಯಾರು? ಅಂಗಡಿಯ ಹಿಂದಿನ ಕೋಣೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅಮರಮ್ಮ ಮೊಪೆಡ್ ಸದ್ದಿಗೆ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಅವನು ಆಗಲೇ ತಿರುವು ದಾಟಿದ್ದ.

ಮಾನ್ವಿಯಲ್ಲಿ ವಾಷರ್ ಕೊಂಡು ಜೇಬಿಗೆ ಹಾಕಿಕೊಂಡ ಆದೆಪ್ಪ ಆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಕಂಬಕ್ಕೆ ಒರಗಿದ. ಹಿರಿಯರು, ಬಿಸಿಲು ಇಳಿಯಲಿ ಎಂದು ಅಂಗಡಿಯವನು ಮಾತಾಡಿಸಲಿಲ್ಲ. ನೆರಳು ಸರಿದು ಬಿಸಿಲು ಮುಖಕ್ಕೆ ಬಿದ್ದರೂ ಅಲುಗದೆ ಇದ್ದಾಗಲೇ ಗೊತ್ತಾದದ್ದು.

ಹುಲಗಪ್ಪ ಹೆಣ ತಂದಾಗ ಸತ್ತಾರ್ ಸಾಬ್ ಇನ್ನೂ ಬೆಂಚಿನ ಮೇಲೇ ಇದ್ದ. ಸುದ್ದಿ ತಿಳಿದ ಮೇಲೂ ಎದ್ದು ಹೋಗಲು ಅವನಿಗೆ ಮನಸ್ಸು ಬಂದಿರಲಿಲ್ಲ. ಅಮರಮ್ಮ ಗಂಡನ ಜೇಬಿನಿಂದ ವಾಷರ್ ತೆಗೆದು ಅವನ ಕೈಗಿಟ್ಟಳು. ದೊಡ್ಡ ಮನುಷ್ಯ, ಬಿಕ್ಕಿ ಬಿಕ್ಕಿ ಅತ್ತ.

ದಿನಕರ್ಮ ಮುಗಿದ ಮೇಲೆ ಅವಳು ಅಂಗಡಿ ತೆಗೆದಳು. ಮೊಪೆಡ್ಡನ್ನು ಒಳಗೆ ಗೋಡೆಯ ಪಕ್ಕ ನಿಲ್ಲಿಸಿದ್ದರು. ಸುದ್ದಿ ತಿಳಿಯದ ಯಾಪಲದಿನ್ನಿಯ ಹಳೆಯ ಗಿರಾಕಿಯೊಬ್ಬ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದ.

"ಆದೆಪ್ಪನವರು ಅದಾರೇನ್ರೀ ಯವ್ವಾ?"

ಯಾವ ಮಾತಿಗಾಗಿ ಅವಳು ಗಂಡನ ಕಾಲು ಹಿಡಿದಿದ್ದಳೋ ಅದೊಂದೇ ಮಾತು ಈಗ ಬೇಕಾಗಿತ್ತು.

"ಕುಂದರ್ರಿ" ಎಂದಳು.

ಅವನು ಕೂತ. ಮುಂದಿನ ಮಾತಿಗೆ ಕಾದ. ಒಮ್ಮೆ ಅವಳ ಮುಖ ನೋಡಿದ, ಒಮ್ಮೆ ಮೊಪೆಡ್ ನೋಡಿದ. ಆಮೇಲೆ ತಲೆಗೆ ಸುತ್ತಿದ್ದ ಟವೆಲ್ಲನ್ನು ಮೆಲ್ಲಗೆ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡ.