ದೋಣಿಗೆ ನೀರು ಹೊಯ್ದ ಮಾವ

ಹನುಮಂತಪ್ಪ ಮಾವನಿಗೆ ಸೀಟಿ ಊದದೆ ಕುರ್ಚಿಯಿಂದ ಏಳಲು ಬರುತ್ತಿರಲಿಲ್ಲ. ಹೊರಡಲು ಎರಡು, ನಿಲ್ಲಲು ಒಂದು. ಶಿರಾಳಕೊಪ್ಪದಿಂದ ಜಡೆಗೆ, ಜಡೆಯಿಂದ ಸೊರಬಕ್ಕೆ ಓಡುವ ಬಸ್ಸಿನಲ್ಲಿ ಕಂಡಕ್ಟರನಾಗಿ ಆಯುಷ್ಯ ಸವೆಸಿದ ನನ್ನ ಸೋದರಮಾವ, ಕೆಲಸ ಬಿಟ್ಟ ಮೇಲೂ ಸೀಟಿ ಬಿಡಲಿಲ್ಲ. ಮೊಮ್ಮಕ್ಕಳು ಬಾಗಿಲಿಗೆ ಅಡ್ಡ ನಿಂತರೆ "ಒಳಗೆ ಜಾಗ ಐತೆ, ಮುಂದೆ ಸರೀರಿ" ಎನ್ನುತ್ತಿದ್ದ. "ಈ ಮನುಷ್ಯಂಗೆ ಲಾಸ್ಟ್ ಸ್ಟಾಪೇ ಬರದಿಲ್ಲ" ಎಂದು ಅತ್ತೆ ಗೊಣಗುತ್ತಿದ್ದಳು.

ಆ ಸೀಟಿ ಒಂದು ದಿನ ಕೆಲಸಕ್ಕೆ ಬಂತು. ಜಡೆ ಹತ್ತಿರದ ಮಾವನ ಊರಿನಲ್ಲಿ ಬೇಸಿಗೆಯಲ್ಲಿ ಕೆರೆಯ ಹೂಳು ತೆಗೆಯುತ್ತಿದ್ದರು. ಜೆಸಿಬಿಗೆ ಏನೋ ಮರ ತಾಗಿತು. ಏರಿಯ ಮೇಲಿದ್ದ ಮಾವ ಜೋರಾಗಿ ಒಂದು ಸೀಟಿ ಊದಿದ; ಡ್ರೈವರ್ ಗಕ್ಕನೆ ನಿಲ್ಲಿಸಿದ. ಕೆಸರು ಬಗೆದು ನೋಡಿದರೆ ಒಂದೇ ಮರವನ್ನು ತೋಡಿ ಮಾಡಿದ ದೋಣಿ, ಎಷ್ಟು ತಲೆಮಾರಿನದೋ ಯಾರಿಗೂ ಗೊತ್ತಿಲ್ಲ. ಮಾವ ಅದರ ಅಂಚು ಸವರುತ್ತ, ಪಕ್ಕದಲ್ಲಿದ್ದ ನನಗೆ "ಇದೂ ನಮ್ಮ ಸರ್ವೀಸಿಂದೇ ಕಣೇ. ಎಷ್ಟು ಮಂದೀನ ಆಚೆ ದಡ ಮುಟ್ಟಿಸೈತೋ" ಎಂದ. ಅವನ ಕಣ್ಣು ತುಂಬಿತ್ತು.

ಊರವರು ಭಕ್ತಿಯಿಂದಲೇ ತಪ್ಪು ಮಾಡಿದರು. ಗಂಗಮ್ಮ ಕೊಟ್ಟ ದೋಣಿಯೆಂದು ತೊಳೆದು, ಅರಿಶಿನ ಕುಂಕುಮ ಹಚ್ಚಿ ಬಿಸಿಲಿನಲ್ಲಿಟ್ಟರು. ಸಂಜೆಯ ಹೊತ್ತಿಗೆ ಮೂತಿಯಲ್ಲಿ ಬೆರಳುದ್ದ ಸೀಳು ಬಿಟ್ಟಿತ್ತು. ನಾನು ವಸ್ತುಸಂಗ್ರಹಾಲಯಕ್ಕೆ ಫೋನು ಮಾಡಿದೆ. "ಒಣಗಿದರೆ ಪೂರಾ ಸೀಳಿಹೋಗುತ್ತೆ. ನಾವು ಬರುವವರೆಗೆ ಒದ್ದೆಯಾಗಿಡಿ" ಎಂದರು ಅಲ್ಲಿಯ ಅಧಿಕಾರಿ. ಮಾವ ಅದನ್ನು ತನ್ನ ಕಣದ ಚಪ್ಪರದಡಿಗೆ ಸಾಗಿಸಿ, ಬಿತ್ತನೆ ಭತ್ತ ಮೊಳಕೆಗೆ ಹಾಕುವಂತೆ ಒದ್ದೆ ಗೋಣಿಚೀಲ ಹೊದಿಸಿದ. ಬೆಳಿಗ್ಗೆ ಸಂಜೆ ಕೊಡದಲ್ಲಿ ನೀರು ಹೊಯ್ಯುತ್ತಿದ್ದ. ತನ್ನ ಸ್ನಾನ ತಪ್ಪಿದರೂ ದೋಣಿಯದು ತಪ್ಪುತ್ತಿರಲಿಲ್ಲ.

ವಸ್ತುಸಂಗ್ರಹಾಲಯದವರು ಬರುವುದು ತಡವಾಯಿತು. ಅಷ್ಟರಲ್ಲಿ ಒಂದು ಬೆಳಿಗ್ಗೆ ನೋಡಿದರೆ ದೋಣಿಯ ಮೈತುಂಬ ಹಸಿರು ಸಸಿ! ಗಂಗಮ್ಮ ಚಿಗುರಿದಳೆಂದು ಊರೆಲ್ಲ ನೆರೆಯಿತು. ಶಿರಾಳಕೊಪ್ಪದಿಂದಲೂ ಜನ ತೆಂಗಿನಕಾಯಿ ಹಿಡಿದು ಬಂದರು. ದೋಣಿಯನ್ನು ಯಾರಿಗೂ ಕೊಡುವುದು ಬೇಡ, ಇಲ್ಲೇ ಗುಡಿ ಕಟ್ಟೋಣ ಎಂಬ ಮಾತೆದ್ದಿತು. ಸುಮ್ಮನಿದ್ದಿದ್ದರೆ ಮಾವ ಪೂಜಾರಿಯೇ ಆಗಿಬಿಡುತ್ತಿದ್ದ. ಅವನು ಒಂದು ಹಿಡಿ ಸಸಿ ಕಿತ್ತು ಎಲ್ಲರಿಗೂ ಬೇರು ತೋರಿಸಿದ.

"ಇದು ಗಂಗಮ್ಮಂದಲ್ಲ ಕಣ್ರೋ, ನಮ್ಮನೆ ಭತ್ತ. ನಾನು ಚೀಲ ಸಮ ಕೊಡವ್ಲಿಲ್ಲ."

"ಸುಮ್ನಿರಾ ಹನುಮಂತಣ್ಣ, ದೋಣಿ ಊರಿಗೇ ಉಳೀತೈತೆ" ಎಂದ ಪಕ್ಕದ ಮನೆಯ ಬಸಣ್ಣ.

"ಉಳೀತೈತೆ, ಮುಂದಿನ ಬ್ಯಾಸಿಗೆಗೆ ಸೌದೆ ಆಗ್ತೈತೆ. ಬದುಕೋ ಕಡೆ ಹೋಗ್ಲಿ ಬಿಡಾ."

ಬಹಳ ದಿನ ಊರಿನಲ್ಲಿ ಯಾರೂ ಅವನನ್ನು ಸರಿಯಾಗಿ ಮಾತಾಡಿಸಲಿಲ್ಲ. ವಸ್ತುಸಂಗ್ರಹಾಲಯದ ಲಾರಿ ಬಂದಾಗ ದೋಣಿ ಎತ್ತಲು ಕೈ ಕೊಟ್ಟವನು ಬಸಣ್ಣ ಒಬ್ಬನೇ, ಅದೂ ಮುಖ ಊದಿಸಿಕೊಂಡು.

ಕೆಲವು ವರ್ಷಗಳ ಮೇಲೆ, ಮಾವ ಹಾಸಿಗೆ ಹಿಡಿದಿದ್ದಾಗ, ವಸ್ತುಸಂಗ್ರಹಾಲಯದಲ್ಲಿ ದೋಣಿಯ ಫೋಟೋ ತೆಗೆದು, ಅವನ ಬಳಿ ಹೋಗಿ ಫೋನಿನಲ್ಲಿ ತೋರಿಸಿದೆ. ತುಂಬ ಹೊತ್ತು ನೋಡಿದ.

"ಆ ಸೀಳು ದೊಡ್ಡದಾಗಿಲ್ಲ, ಹೌದಲ್ಲ?"

"ಇಲ್ಲ ಮಾವ, ಅಷ್ಟೇ ಐತೆ."

"ನೀರು ಯಾರು ಹಾಕ್ತಾರೆ?"

"ಅದೇನೋ ಔಷಧಿ ಕುಡಿಸ್ಯಾರಂತೆ. ಇನ್ನು ಅದಕ್ಕೆ ನೀರೇ ಬ್ಯಾಡವಂತೆ."

ಮಾವ ಫೋನನ್ನು ಎದೆಯ ಮೇಲಿಟ್ಟುಕೊಂಡ. "ಒಳ್ಳೇದಾತು" ಎಂದ. ಒಳ್ಳೆಯ ಸುದ್ದಿ ತಂದು ಅವನ ಮನಸ್ಸು ನೋಯಿಸಿದೆನೇನೋ ಅನಿಸಿತು. ಅದೇ ಕೊನೆಯ ಭೇಟಿ.

ಈಗ ದೋಣಿ ಗಾಜಿನ ಮರೆಯಲ್ಲಿ ಒಣಗಿ ಗಟ್ಟಿಮುಟ್ಟಾಗಿದೆ. ನನಗೆ ಮಾತ್ರ ಅದರೆದುರು ನಿಂತಾಗಲೆಲ್ಲ, ಇವತ್ತು ಯಾರೂ ನೀರು ಹಾಕಿಲ್ಲವಲ್ಲ ಎಂದು ಸಂಕಟವಾಗುತ್ತದೆ.