ಕುವೈತಿನಿಂದ ತಂದ ಬಾಟಲಿಗಳು

ಮಾನ್ವಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ವೆಂಕೋಬ ಸುಟ್ಟ ಮೋಟಾರುಗಳನ್ನು ಮೂವತ್ತು ವರ್ಷ ರಿಪೇರಿ ಮಾಡಿದ. ಒಳಗಿನ ಕರಕಲು ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹೊಯ್ದು ಕೊಡುವುದು ಅವನ ಕಸುಬು. ನೀರಮಾನ್ವಿಯಿಂದ, ಕವಿತಾಳದಿಂದ ಜನ ಟ್ರ್ಯಾಕ್ಟರಿನಲ್ಲಿ ಮೋಟಾರು ಹೇರಿಕೊಂಡು ಅವನಲ್ಲಿಗೇ ಬರುತ್ತಿದ್ದರು. ನಾನು ಪಾಠ ಮಾಡುವ ಶಾಲೆಯ ಬೋರ್‌ವೆಲ್ ಮೋಟಾರನ್ನೂ ನಾಲ್ಕು ಸಲ ಅವನೇ ಬದುಕಿಸಿದ್ದ. ಎರಡೂ ಕೈ ತಂತಿಯ ಮೇಲಿರುತ್ತಿದ್ದುದರಿಂದ ಬೀಡಿ ಸದಾ ತುಟಿಯಲ್ಲೇ. ದಿನಕ್ಕೆ ಮೂರು ಕಟ್ಟು. ಕಲ್ಲಿನ ಗಣಿಯಲ್ಲಿ ಬುಟ್ಟಿ ಹೊರುತ್ತಿದ್ದ ಹನ್ನೊಂದನೇ ವಯಸ್ಸಿನಲ್ಲಿ, ಹಸಿವು ತಡೆಯಲು ಕಲಿತ ಚಟ ಅದು.

ಅವನ ಒಬ್ಬಳೇ ಮಗಳು ನಾಗವೇಣಿ. ಅವರ ಮನೆತನದಲ್ಲಿ ಹತ್ತನೇ ತರಗತಿ ದಾಟಿದ ಮೊದಲ ಹೆಣ್ಣು. ನರ್ಸಿಂಗ್ ಓದಿ ಕುವೈತಿನ ಆಸ್ಪತ್ರೆಯೊಂದಕ್ಕೆ ಹೋದಳು. ೨೦೧೭ರಲ್ಲಿ ಮೊದಲ ರಜೆಗೆ ಬಂದಾಗ, ಅಪ್ಪ ಮಾಳಿಗೆಯ ಮೆಟ್ಟಿಲು ಹತ್ತುತ್ತ ನಾಲ್ಕನೆಯದಕ್ಕೇ ನಿಂತು ಗೋಡೆ ಹಿಡಿದದ್ದನ್ನು ನೋಡಿದಳು. ಮರುದಿನವೇ ರಾಯಚೂರಿಗೆ ಹೋಗಿ, ಅಲ್ಲಾಉದ್ದೀನ್ ಎಂಬವರ ಮೊಬೈಲ್ ಅಂಗಡಿಯಿಂದ ಒಂದು ಇ-ಸಿಗರೇಟು ತಂದುಕೊಟ್ಟಳು.

"ಇದೂ ಒಳ್ಳೇದಲ್ಲ ಯಪ್ಪಾ. ಇದರಾಗೂ ನಿಕೋಟಿನ್ ಅದ. ಬೀಡಿ ಬಿಡಾಕ ಒಂದು ದಾರಿ ಆಗ್ಲಿ ಅಂತ ತಂದೀನಿ. ಒಂದು ವರ್ಷದಾಗ ಇದನ್ನೂ ಬಿಡಬೇಕು."

ವೆಂಕೋಬ ಅದನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕ. "ಚಾರ್ಜ್ ಮಾಡಿ ಸೇದೋ ಬೀಡಿ ಏನವ್ವಾ ಇದು!"

ಮೂರು ತಿಂಗಳಲ್ಲಿ ಬೀಡಿ ನಿಂತಿತು. ಹೆಂಡತಿ ಯಮನಮ್ಮ ಅವನ ಅಂಗಿ ಒಗೆಯುವಾಗ ಮೂಗು ಮುಚ್ಚಿಕೊಳ್ಳುವುದನ್ನು ಬಿಟ್ಟಳು. ಆದರೆ ಆ ಯಂತ್ರವನ್ನು ಮಾತ್ರ ಅವನು ಬಿಡಲಿಲ್ಲ. "ಇನ್ನೊಂದು ತಿಂಗಳು" ಎನ್ನುತ್ತಲೇ ಎರಡು ವರ್ಷ ಕಳೆದವು.

೨೦೧೯ರ ಸೆಪ್ಟೆಂಬರಿನಲ್ಲಿ ಸರ್ಕಾರ ಇ-ಸಿಗರೇಟನ್ನು ನಿಷೇಧಿಸಿತು. ಅದಕ್ಕೆ ಹಾಕುವ ದ್ರಾವಣದ ಬಾಟಲಿ ತರಲು ವೆಂಕೋಬ ರಾಯಚೂರಿಗೆ ಹೋದಾಗ ಅಲ್ಲಾಉದ್ದೀನ್ ಕೈ ಮುಗಿದರು.

"ವೆಂಕೋಬಣ್ಣಾ, ಇನ್ನ ಇದರ ಹೆಸರು ಎತ್ತಬ್ಯಾಡ್ರಿ. ಮಾರಿದ್ರ ಜೈಲು. ಅಂಗಡ್ಯಾಗ ಇದ್ದದ್ದೆಲ್ಲಾ ಠಾಣೇಕ ಕೊಟ್ಟು ಬಂದೀನಿ."

"ಮತ್ತ ನಾ ಏನು ಮಾಡ್ಲಿ?"

"ಬಿಟ್ಟುಬಿಡ್ರಿ."

ಹನ್ನೊಂದನೇ ದಿನ ಅವನ ತುಟಿಯಲ್ಲಿ ಮತ್ತೆ ಬೀಡಿ ಇತ್ತು. ಅದನ್ನು ಮಾರುವ ಡಬ್ಬಿ ಅಂಗಡಿ ಅವನ ಅಂಗಡಿಯಿಂದ ಹತ್ತು ಹೆಜ್ಜೆ ದೂರ, ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ನಾಗವೇಣಿ ಫೋನಿನಲ್ಲಿ, ಬೀಡಿಯ ಬದಲು ಅಗಿಯುವ ನಿಕೋಟಿನ್ ಗಮ್ ಹೇಳಿಕೊಟ್ಟಳು. ಮಾನ್ವಿಯಲ್ಲಿ ಸಿಕ್ಕ ಎರಡು ಮಿಲಿಗ್ರಾಮಿನದು ಅವನಿಗೆ ಏನೂ ಸಾಲಲಿಲ್ಲ. ನಾಲ್ಕರದ್ದಕ್ಕೆ ಡಾಕ್ಟರ ಚೀಟಿ ಬೇಕು. ಚೀಟಿ ಬರೆಸಿ, ಗಮ್ ಕೊಳ್ಳಲು ರಾಯಚೂರಿಗೇ ಹೋಗಬೇಕು. ಮೂರು ಸಲ ಹೋದ. ಮೂರನೇ ಸಲ ಬಸ್ಸಿನಲ್ಲಿ ನಿಂತೇ ಬಂದು, ಇಳಿದ ಮೇಲೆ ಅರ್ಧ ಗಂಟೆ ನೆಲಕ್ಕೆ ಕುಳಿತಿದ್ದನಂತೆ. ಮತ್ತೆ ಹೋಗಲಿಲ್ಲ.

೨೦೨೨ರಲ್ಲಿ ಮಗಳು ರಜೆಗೆ ಬರುವ ಮುಂಚೆ ಅವನೇ ಬಾಯಿ ಬಿಟ್ಟು ಕೇಳಿದ. "ಅಲ್ಲಿ ಸಿಗ್ತದಂತಲ್ಲವ್ವಾ. ನಾಕು ಬಾಟ್ಲಿ ತರ್ತೀಯೇನು?"

ಅವಳು ಇಪ್ಪತ್ತನಾಲ್ಕು ತಂದಳು. ಮುಂದಿನ ರಜೆಯವರೆಗೆ ಸಾಲಲಿ ಎಂದು.

ಅವಳು ಬಂದಿಳಿದ ದಿನ ಮಧ್ಯಾಹ್ನ ಹೈದರಾಬಾದ್ ವಿಮಾನ ನಿಲ್ದಾಣದಿಂದ ಫೋನು ಬಂತು. "ಯಪ್ಪಾ, ಕಸ್ಟಮ್ಸ್‌ನವ್ರು ಬ್ಯಾಗ್ ತಗಿಸ್ಯಾರ. ಮಾರಾಕ ತಂದೀಯಂತಾರ."

"ಸಾಹೇಬ್ರ ಕೈಯಾಗ ಫೋನ್ ಕೊಡು! ನಾ ತರಿಸಿದ್ದು ಅಂತ ಹೇಳ್ತೀನಿ. ನನ್ನ ಮ್ಯಾಲ ಕೇಸ್ ಹಾಕ್ಲಿ!"

ಯಾರೂ ಫೋನ್ ತೆಗೆದುಕೊಳ್ಳಲಿಲ್ಲ. ಬಾಟಲಿಗಳ ಜೊತೆ ಪಾಸ್‌ಪೋರ್ಟೂ ಅವರ ವಶಕ್ಕೆ ಹೋಯಿತು. ರಜೆ ಇದ್ದದ್ದು ನಲವತ್ತು ದಿನ. ಐವತ್ತೆರಡನೇ ದಿನ ಕುವೈತಿನಿಂದ ಕೆಲಸ ರದ್ದಾದ ಪತ್ರ ಬಂತು. ಹದಿನಾರು ತಿಂಗಳು ಹೈದರಾಬಾದಿನ ಕೋರ್ಟಿಗೆ ಓಡಾಡಿ, ಕೊನೆಗೆ ತಪ್ಪೊಪ್ಪಿಕೊಂಡು ದಂಡ ಕಟ್ಟಿದ ಮೇಲೆ ಪಾಸ್‌ಪೋರ್ಟ್ ಕೈಗೆ ಬಂತು. ಆದರೆ ಯಾವ ಏಜೆನ್ಸಿಗೆ ಅರ್ಜಿ ಹಾಕಿದರೂ ಮೇಲೆ ಯಾವ ಕೇಸೂ ಇಲ್ಲವೆಂಬ ಪೊಲೀಸರ ಪ್ರಮಾಣಪತ್ರದ ಹತ್ತಿರ ಎಲ್ಲವೂ ನಿಂತುಹೋಗುತ್ತಿತ್ತು. ನಾಗವೇಣಿ ದೇವದುರ್ಗದ ಒಂದು ಚಿಕ್ಕ ನರ್ಸಿಂಗ್ ಹೋಮಿಗೆ ಸೇರಿಕೊಂಡಳು.

ಕೆಲಸಕ್ಕೆ ಸೇರಿದ ದಿನ ಸಂಜೆ ವೆಂಕೋಬ ಮಗಳ ಮುಂದೆ ನಿಂತು, "ನನ್ನ ಬಡಿಯವ್ವಾ, ಒಂದು ಏಟರ ಹಾಕು" ಎಂದು ಅತ್ತ.

"ನೀ ಕೇಳಿದಿ ಅಂತಷ್ಟ ತಂದಿಲ್ಲ ಯಪ್ಪಾ. ಕಾನೂನು ಗೊತ್ತಿದ್ದೂ ತಂದೆ. ನೀ ಮೆಟ್ಲ ಹತ್ತೋದು ನೋಡಾಕ ಆಗ್ತಿರಲಿಲ್ಲ."

ಅವತ್ತೇ ಅವನು ಬೀಡಿ ಕಟ್ಟನ್ನು ಚರಂಡಿಗೆ ಎಸೆದ. ಒಂಬತ್ತು ದಿನ ಸೇದಲಿಲ್ಲ. ತಂತಿ ಸುತ್ತುವಾಗ ಸುತ್ತಿನ ಎಣಿಕೆ ತಪ್ಪಿತು, ಗಿರಾಕಿಗಳ ಮೇಲೆ ಕಿರುಚಿದ, ಅನ್ನ ಸೇರಲಿಲ್ಲ. ಹತ್ತನೇ ದಿನ ಬೆಳಿಗ್ಗೆ ಯಮನಮ್ಮ ತಾನೇ ಡಬ್ಬಿ ಅಂಗಡಿಗೆ ಹೋಗಿ ಒಂದು ಕಟ್ಟು ತಂದು ಅವನ ಮುಂದಿಟ್ಟಳು. "ಸೇದ್ರಿ" ಎಂದಷ್ಟೇ ಅಂದಳು. ಆಮೇಲೊಮ್ಮೆ ಇದನ್ನು ನನಗೆ ಹೇಳುವಾಗ ಆ ಹೆಣ್ಣುಮಗಳು ನನ್ನ ಮುಖ ನೋಡಲಿಲ್ಲ.

ಆಮೇಲಿನ ಎರಡು ವರ್ಷ ನಾಗವೇಣಿಯೇ ದಿನಾ ಅಪ್ಪನ ಮೂಗಿಗೆ ಔಷಧಿಯ ಹಬೆ ಕೊಡುವ ನೆಬ್ಯುಲೈಸರ್ ಹಿಡಿದಳು. ಬಿಡು ಎಂದು ಮತ್ತೆಂದೂ ಹೇಳಲಿಲ್ಲ. ಹೋದ ವರ್ಷ ಆಷಾಢದಲ್ಲಿ ರಾಯಚೂರಿನ ಆಸ್ಪತ್ರೆಯಲ್ಲಿ, ಆಕ್ಸಿಜನ್ ಹಚ್ಚಿದ ಆರನೇ ದಿನ, ವೆಂಕೋಬ ತೀರಿಕೊಂಡ. ಐವತ್ತೊಂಬತ್ತು ವರ್ಷ.

ಮೊನ್ನೆ ದೇವದುರ್ಗದ ಬಸ್ಸಿನಲ್ಲಿ ನಾಗವೇಣಿ ಸಿಕ್ಕಿದ್ದಳು. ಹೊರಗೆ ಹೋಗಲು ಮತ್ತೆ ಪ್ರಯತ್ನ ಮಾಡಲಿಲ್ಲವೇ ಎಂದು ಕೇಳಿದೆ.

"ಸಾಕಾಗ್ಯಾದ ಸರ್. ಯಾತಕ್ಕ ಸಿಕ್ಕಿಬಿದ್ದಿ ಅಂತ ಕೇಳ್ತಾರ. ಅಪ್ಪನ ಉಸಿರಿಗಂತ ತಂದೆ ಅಂದ್ರ ನಗ್ತಾರ."

ಎಂಟಕ್ಕೆ ಅವಳ ಪಾಳಿ ಶುರು. ನಿಲ್ದಾಣಕ್ಕಿಂತ ಒಂದು ಸ್ಟಾಪ್ ಮೊದಲೇ ಇಳಿದು, ನರ್ಸಿಂಗ್ ಹೋಮಿನ ಕಡೆ ಬಿರಬಿರನೆ ನಡೆದುಹೋದಳು.