ಅಟ್ಟಕ್ಕೆ ಬಿಸಿಗಾಳಿ ಏರಿಸಿದ ನಂಜಪ್ಪ ಮಾವ

ನಂಜಪ್ಪ ಮಾವನ ಕೈಗೆ ಏನು ಕೊಟ್ಟರೂ ಅದು ಮೊದಲು ಅವನ ಕಿವಿಯ ಹತ್ತಿರ ಹೋಗುತ್ತಿತ್ತು. ಅಟ್ಟದ ಮೇಲೆ ಒಣಗಲು ಇಟ್ಟ ತೆಂಗಿನಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, ಒಳಗೆ ಗಿಟುಕು ಸರಿದಾಡುವ ಸದ್ದಿನಲ್ಲೇ ಕೊಬ್ಬರಿಯಾಯಿತೋ ಇಲ್ಲವೋ ಹೇಳುವುದು ನಮ್ಮ ತಿಪಟೂರು ಕಡೆಯವರಿಗೆಲ್ಲ ಬರುವ ವಿದ್ಯೆ. ಮಾವ ಅದನ್ನು ಕೈಗಡಿಯಾರ, ರಿಮೋಟು, ಮಿಕ್ಸಿ ಎಲ್ಲಕ್ಕೂ ಹಚ್ಚಿದ್ದ. ಅಲ್ಲಾಡಿಸಿ, ಒಂದು ಕಣ್ಣು ಮುಚ್ಚಿ, ತೀರ್ಪು ಕೊಡುತ್ತಿದ್ದ: "ಕೌಟು."

ಕೆಟ್ಟ ಕೊಬ್ಬರಿಗೆ ಹೇಳುವ ಆ ಮಾತು ಅವನ ಬಾಯಲ್ಲಿ ಲೋಕಕ್ಕೆಲ್ಲ ಸಲ್ಲುತ್ತಿತ್ತು. ಹೊಸ ಬಸ್ ಸ್ಟ್ಯಾಂಡು ಕೌಟು. ಪಕ್ಕದ ಮನೆಯವರ ಅಳಿಯ ಕೌಟು. ನಾನಂತೂ ಹುಟ್ಟುವಾಗಲೇ ಕೌಟು. ನನಗೆ ಹೆಣ್ಣು ಕೊಡಲು ಬಂದವರ ಎದುರಿಗೇ, "ಹುಡುಗನ್ನ ನಾನು ಅಲ್ಲಾಡ್ಸಿ ನೋಡಿವ್ನಿ ಕಣ್ರೀ, ಒಳಗೇನೂ ಸದ್ದಿಲ್ಲ. ಆದ್ರೂ ಕೊಡ್ರಿ, ಬೋ ಸಾಧು" ಎಂದಿದ್ದ. ಅವರು ಕೊಟ್ಟರು. ಇಷ್ಟೆಲ್ಲ ಹೀಯಾಳಿಸುವವನು ತಾನಾಗಿ ಒಂದು ಟಾರ್ಚನ್ನಾದರೂ ರಿಪೇರಿ ಮಾಡಿದ್ದನ್ನು ಕಂಡವರಿಲ್ಲ.

ಕಿಬ್ಬನಹಳ್ಳಿಯಲ್ಲಿದ್ದ ಅವನ ಮನೆಯ ಮುಂದಿನ ಕೋಣೆಯಲ್ಲೇ ನನ್ನ ಅಕ್ಕ ಸರೋಜ ಲಾಂಡ್ರಿ ಇಟ್ಟದ್ದು. ತಿಪಟೂರಿನ ಒಂದು ನರ್ಸಿಂಗ್ ಹೋಮಿನ ಶೀಟುಗಳೇ ಅವಳ ಅನ್ನ. ಮಳೆಗಾಲಕ್ಕೆಂದು ದೊಡ್ಡದೊಂದು ಡ್ರೈಯರ್ ತಂದಳು. ಅದರ ಬಿಸಿಗಾಳಿ ಗೋಡೆಯ ತೂತಿನಿಂದ ಬೀದಿಗೆ ಹೋಗುವುದನ್ನು ಕಂಡು ಮಾವನಿಗೆ ಅನ್ನ ಇಳಿಯಲಿಲ್ಲ.

"ಏನೇ ಸರೋಜಿ, ಕರೆಂಟು ಸುಟ್ಟು ಬೀದಿ ನಾಯಿಗೆ ಕಾವು ಕೊಡ್ತಿದ್ದೀಯಾ? ಮ್ಯಾಲೆ ಅಟ್ಟದಲ್ಲಿ ಕಾಯಿ ಐತೆ ಕಣೇ, ಕಾಯಿ!"

ಮಾರನೆಯ ದಿನವೇ ಉದ್ದನೆಯ ಪೈಪು ಬಂತು. ಕಪಾಟು ಬಳಸಿ, ತೊಲೆ ಸುತ್ತಿ, ಹಾವಿನಂತೆ ಡೊಂಕಾಗಿ ಅಟ್ಟಕ್ಕೇರಿತು. ಕೋಣೆ ಅವನದು, ಅಕ್ಕನೇ ಏಣಿ ಹಿಡಿದಳು. "ಈ ಬುದ್ಧಿ ಕಂಪ್ನಿಯೋರಿಗೆ ಬರ್ನಿಲ್ಲ ನೋಡು" ಎಂದು ಮಾವ ಹೋಟೆಲಿನಲ್ಲಿ ಕೂತು ಊರಿಗೆಲ್ಲ ಹೇಳಿದ.

ಎರಡು ತಿಂಗಳು ನಡೆಯಿತು. ಒಂದು ದಿನ ಡ್ರಮ್ಮೇನೋ ತಿರುಗಿತು, ಶೀಟು ಮಾತ್ರ ತಣ್ಣಗೆ ಹೊರಬಂತು. ಹೊರಗೆ ಜಡಿಮಳೆ. ನಾಳೆ ಬೆಳಿಗ್ಗೆಯೊಳಗೆ ಶೀಟು ಬರದಿದ್ದರೆ ಕೆಲಸ ಬೇರೆಯವರಿಗೆ ಎಂದು ನರ್ಸಿಂಗ್ ಹೋಮಿನಿಂದ ಫೋನು ಬಂತು.

ಮಾವ ಮಿಷನ್ನಿಗೆ ಕಿವಿಯಾನಿಸಿದ. ಅದನ್ನು ಅಲ್ಲಾಡಿಸಲಾಗದ ಸಂಕಟ ಅವನ ಮುಖದಲ್ಲಿ ಕಾಣುತ್ತಿತ್ತು.

"ವೋಲ್ಟೇಜು" ಎಂದ. ವೋಲ್ಟೇಜು ಸರಿಯಿತ್ತು. "ಸೋಪಿನ ಪುಡಿ ಕೌಟು" ಎಂದ. ಅಷ್ಟರಲ್ಲಿ ಮೆಕ್ಯಾನಿಕ್ ರಫೀಕ್ ಬಂದು ಹಿಂಬದಿ ಬಿಚ್ಚಿ ಮೀಟರ್ ಹಿಡಿದ.

"ಬಿಸಿ ಮಾಡೋ ಕಾಯಿಲು ಚೆನ್ನಾಗೈತೆ ಯಜಮಾನ್ರೇ. ಶಾಖ ಜಾಸ್ತಿಯಾಗಿ ಫ್ಯೂಸ್ ಹೋಗೈತೆ. ಗಾಳಿ ಆಚೆ ಹೋಗ್ತಿಲ್ಲ, ಮಿಷನ್ನಿಗೆ ಉಸಿರು ಕಟ್ಟೈತೆ. ಫ್ಯೂಸ್ ಹಾಕ್ತೀನಿ, ಆದ್ರೆ ಈ ಪೈಪು ಇರೋಗಂಟ ಮತ್ತೆ ಹೋಗ್ತೈತೆ."

"ಫ್ಯೂಸ್ ಯಾಕ್ಲಾ? ತಂತಿ ಕೊಟ್ಟು ಡೈರೆಕ್ಟ್ ಮಾಡು. ತೋಟದ ಮೋಟರಿಗೆ ಎಲ್ರೂ ಮಾಡಲ್ವಾ?"

"ಮಾಡ್ಬೋದು. ಶೀಟೂ ಒಣಗ್ತೈತೆ, ಅಟ್ಟನೂ ಒಣಗ್ತೈತೆ. ಬೂದಿ ಗುಡ್ಸಕ್ಕೆ ನನ್ನ ಕರೀಬ್ಯಾಡಿ."

"ಪೈಪು ಮುಟ್ಟಿದ್ರೆ ಕೋಣೆ ಖಾಲಿ ಮಾಡ್ಬೇಕಾಗ್ತೈತೆ!" ಎಂದ ಮಾವ.

ಹುಟ್ಟಿದಂದಿನಿಂದ ಮಾವನಿಗೆ ಎದುರಾಡದ ಅಕ್ಕ ಕುಡುಗೋಲು ತೆಗೆದುಕೊಂಡಳು. "ನಾಳೆ ಕೆಲ್ಸ ಹೋದ್ರೆ ಹೆಂಗೂ ಖಾಲೀನೇ ಬುಡು, ಮಾವ" ಎಂದವಳೇ ಪೈಪನ್ನು ಗೋಡೆಯ ಹತ್ತಿರವೇ ಕೊಯ್ದಳು. ಒಳಗಿಂದ ಒದ್ದೆ ನೂಲಿನ ಜುಂಗು, ಕೊಬ್ಬಿದ ಬೆಕ್ಕಿನಂತೆ, ಮಾವನ ಕಾಲ ಮೇಲೆಯೇ ಬಿತ್ತು.

ಹೊಸ ಫ್ಯೂಸ್ ಹಾಕಿ, ಮಿಷನ್ನಿನ ಕಡೆಯ ತುಂಡು ಪೈಪನ್ನು ಮತ್ತೆ ಗೋಡೆಯ ತೂತಿಗೇ ಸಿಕ್ಕಿಸಿ, ಉಳಿದದ್ದನ್ನು ಬಿಚ್ಚಲು ರಫೀಕ್ ಅಟ್ಟ ಹತ್ತಿದ. ಆಮೇಲೆ ಮೇಲಿಂದಲೇ ಕೂಗಿದ: "ಯಜಮಾನ್ರೇ, ಇಲ್ಲಿ ಮೊಳಕೆ ಬಂದೈತೆ!"

ಶೀಟಿನ ನೀರೆಲ್ಲ ಆವಿಯಾಗಿ ಅಟ್ಟ ಸೇರಿ, ಆ ವರ್ಷ ಏರಿಸಿದ್ದ ಕಾಯೆಲ್ಲ ಕುಡಿಯೊಡೆದಿತ್ತು. ಕಿವಿಯಲ್ಲೇ ಕೊಬ್ಬರಿ ಅಳೆಯುತ್ತಿದ್ದ ಮನುಷ್ಯ ತನ್ನ ತಲೆಯ ಮೇಲೆಯೇ ಸಸಿಮಡಿ ಮಾಡಿಕೊಂಡು ಕೂತಿದ್ದ. ನಾವು ನಗು ತಡೆಯಲಾರದೆ ಗೋಡೆಗೆ ಮುಖ ತಿರುಗಿಸಿದೆವು.

"ಅದ್ಯಾಕ್ಲಾ ನಗ್ತೀರಾ? ಸಸಿ ಮಾಡಕ್ಕೇ ಇಟ್ಟಿದ್ದೆ" ಎಂದ ಮಾವ. ಮುಖದ ಒಂದು ಗೆರೆಯೂ ಕದಲಲಿಲ್ಲ.

ಬೆಳಗಾಗುವಷ್ಟರಲ್ಲಿ ಶೀಟು ಒಣಗಿ ತಿಪಟೂರು ಸೇರಿದವು. ಕೋಣೆ ಖಾಲಿ ಮಾಡಿಸುವ ಮಾತನ್ನು ಮಾವ ಮತ್ತೆ ಎತ್ತಲಿಲ್ಲ. ಮಳೆ ಬಂದಾಗ ಪೈಪಿನ ಬಾಯಿಗೆ ಮಲಗುತ್ತಿದ್ದ ನಾಯಿಗಳಿಗೆ ಮಾತ್ರ, "ಕಾಯಿಸ್ಕಳ್ರಲಾ, ನಿಮ್ಮಪ್ಪನ ಕರೆಂಟು!" ಎಂದು ಬೈದೇ ಮುಂದೆ ಹೋಗುತ್ತಿದ್ದ.

ಅವನನ್ನು ಕಡೆಯ ಸಲ ನೋಡಿದ್ದು ಅದೇ ನರ್ಸಿಂಗ್ ಹೋಮಿನಲ್ಲಿ. ಮೈ ಇಳಿದಿತ್ತು, ಕೈ ಕಿವಿಯವರೆಗೆ ಏಳುತ್ತಿರಲಿಲ್ಲ. ಹಾಸಿದ್ದ ಶೀಟಿನ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ಉಜ್ಜಿ ನೋಡಿದ.

"ಹಸಿ ಐತೆ."

ನಾನು ಮುಟ್ಟಿದೆ. ಹಪ್ಪಳದ ಹಾಗಿತ್ತು. "ಒಣಗೈತಲ್ಲ ಮಾವ."

"ನಿಂಗೇನ್ಲಾ ಗೊತ್ತು, ಕೌಟು. ಸರೋಜಿಗೆ ಹೇಳು. ಪೈಪು ಅಟ್ಟದ ಮ್ಯಾಲೇ ಇದ್ದಿದ್ರೆ ಹಿಂಗಾಗ್ತಿರಲಿಲ್ಲ."

ಅವನ ತಿಥಿಯೆಲ್ಲ ಮುಗಿದ ಮೇಲೆ ಅಕ್ಕ ಲಾಂಡ್ರಿಯ ಬಾಗಿಲು ತೆಗೆದಾಗ ನರ್ಸಿಂಗ್ ಹೋಮಿನ ಗಂಟು ಕಾಯುತ್ತಿತ್ತು. ಶೀಟು ಹಸಿ ಎಂದ ಮಾವನ ಮಾತನ್ನು ಅಕ್ಕನಿಗೆ ಹೇಳಿದೆ. ಮಾವ ಮಲಗಿದ್ದ ಶೀಟು ಅದರಲ್ಲಿ ಯಾವುದೆಂದು ಗುರುತಿಸುವ ಹಾಗಿರಲಿಲ್ಲ. ಎಲ್ಲವೂ ಚೆನ್ನಾಗಿಯೇ ಒಣಗಿದವು. ಅಕ್ಕ ಎಲ್ಲವನ್ನೂ ಇನ್ನೊಂದು ಸಲ ಡ್ರೈಯರಿಗೆ ಹಾಕಿದಳು.